ಸದಸ್ಯಪ್ಪನ ಭಾನುವಾರ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಕಡೆ ಕ್ರೈಸ್ತ ಸಭೆಗಳು ಚಿಕ್ಕವು. ಒಬ್ಬರು ಬಾರದಿದ್ದರೂ ಬೆಂಚು ಖಾಲಿ ಕಾಣುತ್ತದೆ, ಕೀರ್ತನೆಯ ಸ್ವರ ಒಂದು ಮಟ್ಟ ಇಳಿಯುತ್ತದೆ. ಆದರೂ ಪ್ರತಿ ಸಭೆಗೂ ಒಬ್ಬ ಸದಸ್ಯಪ್ಪ ಇದ್ದೇ ಇರುತ್ತಾನೆ. ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರು ಬೇರೆ ಇರಬಹುದು, ಲಕ್ಷಣ ಮಾತ್ರ ಒಂದೇ.

ಸದಸ್ಯಪ್ಪ ಚರ್ಚಿಗೆ ಬರುವುದಿಲ್ಲ ಅಂದರೆ ಅನ್ಯಾಯವಾದೀತು. ಕ್ರಿಸ್ಮಸ್ಸಿಗೆ ಬರುತ್ತಾನೆ, ಹೊಸ ಪ್ಯಾಂಟಿನ ಮಡಿಕೆ ಸಮೇತ. ಶುಭ ಶುಕ್ರವಾರದ ಮೂರು ಗಂಟೆಗಳ ಆರಾಧನೆಗೂ ಬರುತ್ತಾನೆ, ಕೊನೆಯ, ಅಂದರೆ ಏಳನೇ ವಾಕ್ಯದ ಹೊತ್ತಿಗೆ. ಮಗಳ ಮದುವೆ ಗೊತ್ತಾದಾಗ ಮೂರು ಭಾನುವಾರ ಎಡಬಿಡದೆ ಬಂದ. ಮದುವೆ ಪ್ರಕಟಣೆ ಓದುವಾಗ ಯಾರಾದರೂ ಅಡ್ಡಿ ಹೇಳಿಯಾರೆಂಬ ಭಯ. ನಾಲ್ಕನೇ ಭಾನುವಾರ ಪಾಸ್ಟರ್ ಅಭ್ಯಾಸಬಲದಿಂದ ಅವನ ಬೆಂಚಿನ ಕಡೆ ನೋಡಿದರು. ಅಲ್ಲಿ ಅವನ ಛತ್ರಿ ಮಾತ್ರ ಇತ್ತು.

ಕೇಳಿದರೆ ಅವನ ಬಳಿ ವೇದಾಧಾರ ಸಿದ್ಧ. ಇಬ್ಬರು ಮೂವರು ಕೂಡಿದಲ್ಲಿ ಕರ್ತನಿದ್ದಾನೆ ಎಂದು ಮತ್ತಾಯನೇ ಬರೆದಿದ್ದಾನಲ್ಲ, ಆ ಇಬ್ಬರು ಮೂವರು ಹೇಗೂ ಬಂದಿರುತ್ತಾರಲ್ಲ! ಸಭೆಯಾಗಿ ಕೂಡಿಕೊಳ್ಳುವುದನ್ನು ಬಿಡಬೇಡಿರೆಂಬ ಇಬ್ರಿಯರ ಪತ್ರಿಕೆಯ ಬುದ್ಧಿಮಾತಿನ ಮೇಲೆ ಪಾಸ್ಟರ್ ಪ್ರಸಂಗ ಮಾಡಿದ್ದೂ ಉಂಟು. ಬಂದವರೆಲ್ಲ ತಲೆ ತಗ್ಗಿಸಿ ಬೈಸಿಕೊಂಡರು. ಯಾರಿಗೆ ಹೇಳಬೇಕಿತ್ತೋ ಅವನು ಆಗ ಸಂತೆಬೀದಿಯಲ್ಲಿ ಮಟನ್ ತೂಗಿಸುತ್ತಿದ್ದ.

ಸುಗ್ಗಿ ಹಬ್ಬದಲ್ಲಿ ಮಾತ್ರ ಅವನನ್ನು ನೋಡಬೇಕು. ರಾಗಿ, ಕಡ್ಲೆಕಾಯಿ, ಹುಣಸೆಹಣ್ಣು, ತೆಂಗಿನಕಾಯಿ, ಕಾಲು ಕಟ್ಟಿದ ನಾಟಿಕೋಳಿ ಎಲ್ಲ ಹರಾಜಿಗೆ ಬಂದಿವೆ. ಕುಂಬಳಕಾಯಿ ಎತ್ತಿದ್ದೇ ತಡ, ಸದಸ್ಯಪ್ಪನ ದನಿ ಗೋಪುರ ಮುಟ್ಟುತ್ತದೆ. ‘ಐನೂರು!’ ಜನ ಚಪ್ಪಾಳೆ ತಟ್ಟುತ್ತಾರೆ. ಕುಂಬಳಕಾಯಿ ಅವನ ಸ್ಕೂಟರ್ ಏರುತ್ತದೆ, ಐನೂರು ಖಜಾಂಚಿಯ ಪುಸ್ತಕದಲ್ಲಿ ‘ಬರಬೇಕಾದದ್ದು’ ಎಂಬ ಕಡೆ ಸೇರುತ್ತದೆ. ಮುಂದಿನ ಸುಗ್ಗಿಗೂ ಅದು ಅಲ್ಲೇ ಇರುತ್ತದೆ.

ಹಿಂದೆ ಇಂಥವರಿಗೆ ಮದ್ದಿತ್ತು. ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ 1837ರಲ್ಲಿ ಥಾಮಸ್ ಹಾಡ್ಸನ್ ನೆಲೆ ಮಾಡಿದ್ದು ವೆಸ್ಲಿಯನ್ ಮಿಷನ್ನಿನ ಪರವಾಗಿ. ಆ ಮೆಥಡಿಸ್ಟ್ ಪಂಗಡದ ಮೂಲಪುರುಷ ಜಾನ್ ವೆಸ್ಲಿಯ ಕಾಲದಲ್ಲಿ, 1742ರಲ್ಲಿ, ಬ್ರಿಸ್ಟಲ್‌ನ ಪ್ರಾರ್ಥನಾಮಂದಿರದ ಸಾಲ ತೀರಿಸಲು ಸದಸ್ಯರನ್ನು ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ, ವಾರಕ್ಕೊಂದು ಪೆನ್ನಿ ಎತ್ತಲು ಒಬ್ಬೊಬ್ಬ ಮುಖಂಡನನ್ನು ಗೊತ್ತುಮಾಡಿದರು. ಕಾಸು ಕೇಳಲು ಮನೆಗೆ ಹೋದವನಿಗೆ ಯಾರು ಕಾಯಿಲೆ, ಯಾರು ಕುಡಿತ, ಯಾರ ಮನೆಯಲ್ಲಿ ಜಗಳ ಎಲ್ಲ ತಿಳಿಯತೊಡಗಿತು. ವಸೂಲಿಗೆ ಹೊರಟದ್ದು ವಿಚಾರಣೆಯಾಗಿ, ವಾರದ ಕೂಟವಾಯಿತು. ಮೂರು ತಿಂಗಳಿಗೊಮ್ಮೆ ಸದಸ್ಯತ್ವದ ಟಿಕೆಟ್. ಕೂಟಕ್ಕೆ ಚಕ್ಕರ್ ಹಾಕುವವನಿಗೆ ಹೊಸ ಟಿಕೆಟ್ ಇಲ್ಲ. 1947ರ ಸೆಪ್ಟೆಂಬರ್ 27ರಂದು ಮೆಥಡಿಸ್ಟರು, ಆಂಗ್ಲಿಕನ್ನರು, ಮತ್ತಿತರರು ಸೇರಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ಆದರು. ಈಗ ಟಿಕೆಟ್ಟಿನ ಸುದ್ದಿಯೇ ಇಲ್ಲ. ಸದಸ್ಯಪ್ಪ ಮಾತ್ರ ಟಿಕೆಟ್ ಇಲ್ಲದೆಯೇ ಕಿಟಕಿ ಪಕ್ಕದ ಸೀಟು ಹಿಡಿದಿದ್ದಾನೆ.

ಅವನ ನಿಜವಾದ ಹಬ್ಬ ವಾರ್ಷಿಕ ಮಹಾಸಭೆ. ಆ ಬೆಳಿಗ್ಗೆ ಬಾಕಿ ಚಂದಾ ಕಟ್ಟಿ ಮತದಾರರ ಪಟ್ಟಿಯಲ್ಲಿ ಹೆಸರು ಹುಡುಕುತ್ತಾನೆ. ಹೋದ ವರ್ಷದ ಸುಣ್ಣಬಣ್ಣದ ಲೆಕ್ಕ, ಮುರಿದ ಮೈಕು, ಕಾಣೆಯಾದ ಎರಡು ಚಾಪೆ, ಒಂದನ್ನೂ ಬಿಡುವುದಿಲ್ಲ. ‘ನಮ್ಮ ತಾತ ಕಟ್ಟಿಸಿದ ಚರ್ಚು ರೀ ಇದು!’ ತಾತ ಕಲ್ಲು ಹೊತ್ತದ್ದು ನಿಜವೇ. ಮೊಮ್ಮಗ ಒಂದು ಚಾಪೆ ಮಡಿಸಿದ್ದನ್ನು ಕಂಡವರಿಲ್ಲ.

ಚಾಪೆ ಮಡಿಸುವವರು ಯಾರು? ಸ್ತ್ರೀ ಸಮಾಜದ ಅಜ್ಜಿಯರು. ಸೆರಗಿನ ಗಂಟು ಬಿಚ್ಚಿ ಹತ್ತರ ನೋಟು ಕಾಣಿಕೆ ತಟ್ಟೆಗೆ ಹಾಕಿ, ಆರಾಧನೆ ಮುಗಿದ ಮೇಲೆ ಹಾಸಿಗೆ ಹಿಡಿದವರ ಮನೆಗೆ ಹೋಗಿ ಪ್ರಾರ್ಥನೆ ಮಾಡಿ, ಗಂಜಿಗೆ ಉಪ್ಪು ಸರಿಯಿದೆಯೇ ಎಂದೂ ನೋಡಿ ಬರುವವರು. ಕಳೆದ ಮಳೆಗಾಲದಲ್ಲಿ ಸದಸ್ಯಪ್ಪನಿಗೆ ಜ್ವರ ಬಂದಾಗಲೂ ಮೊದಲು ಬಾಗಿಲು ತಟ್ಟಿದವರು ಅವರೇ. ಅವನು ಎದ್ದು ಕೂತು, ‘ಪಾಸ್ಟರ್ ಯಾಕೆ ಬರಲಿಲ್ಲ?’ ಅಂದ. ಪಾಸ್ಟರ್ ಆವತ್ತು ಇನ್ನೊಂದು ಊರಿನ ಸಭೆಯಲ್ಲಿದ್ದರು. ಅಲ್ಲೂ ಒಬ್ಬ ಸದಸ್ಯಪ್ಪ ಬಂದಿರಲಿಲ್ಲ.

ನಿಮ್ಮ ಸಭೆಯ ಸದಸ್ಯಪ್ಪ ಸಿಕ್ಕರೆ ದಯವಿಟ್ಟು ಇಷ್ಟು ತಿಳಿಸಿ: ಕುಂಬಳಕಾಯಿಯ ಐನೂರು ಇನ್ನೂ ಬಾಕಿ ಇದೆ, ಛತ್ರಿ ಖಜಾಂಚಿಯ ಹತ್ತಿರ ಇದೆ.