ಗುಂಪುಸೇರ್ಪಡೆ ಮೀಮಾಂಸೆ: ಹಾಸನ ಸೀಮೆಯ ನಾಲ್ಕು ಮತಗಳು

ವಿಷಯ: ಲಿನಕ್ಸ್‌ನಲ್ಲಿ ಬಳಕೆದಾರನನ್ನು ಗುಂಪಿಗೆ ಸೇರಿಸಿದ ಮೇಲೆ ಆ ಗುಂಪಿನ ಹಕ್ಕು ಅವನಿಗೆ ದಕ್ಕುವುದು ಯಾವಾಗ?

ದೃಷ್ಟಾಂತಕ್ಕೆ ಹಾಸನ ಸೀಮೆಯ ಯಾವುದಾದರೊಂದು ಪ್ರೌಢಶಾಲೆಯ ಉಬುಂಟು ಕಂಪ್ಯೂಟರ್ ಸಾಕು. ಮೇಷ್ಟ್ರು ಆರ್ಡುಯಿನೊ ಬೋರ್ಡ್ ಸಿಕ್ಕಿಸುತ್ತಾರೆ. ಅದು ‘ಟಿಟಿವೈಯುಎಸ್‌ಬಿ0’ ಎಂಬ ಕಡತವಾಗಿ ಅವತರಿಸುತ್ತದೆ. ಒಡೆಯ ರೂಟ್, ಗುಂಪು ಡಯಲ್‌ಔಟ್, ಮಿಕ್ಕವರಿಗೆ ಬಾಗಿಲು ಬಂದ್. ಮೇಷ್ಟ್ರು ‘ಯೂಸರ್‌ಮಾಡ್’ ಕೊಟ್ಟು ತಮ್ಮನ್ನು ಡಯಲ್‌ಔಟ್‌ಗೆ ಸೇರಿಸಿಕೊಳ್ಳುತ್ತಾರೆ. “ಸಾರ್, ಈಗ್ಲೂ ಪರ್ಮಿಷನ್ ಡಿನೈಡ್ ಅಂತ್ಲೇ ಬತ್ತದೆ” ಎನ್ನುತ್ತಾನೆ ಪಕ್ಕದ ಹುಡುಗ.

ಸಂಶಯ: ‘ಐಡಿ’ ಎಂದಷ್ಟೇ ಬರೆದರೆ ಉತ್ತರದಲ್ಲಿ ಡಯಲ್‌ಔಟ್ ಇಲ್ಲ. ‘ಐಡಿ ಮೇಷ್ಟ್ರು’ ಎಂದು ಹೆಸರು ಹಿಡಿದು ಕೇಳಿದರೆ ಇದೆ! ಅದ್ವೈತಿಗಳು ಇದಕ್ಕೆಲ್ಲ ಗಾಬರಿಯಾಗುವುದಿಲ್ಲ, ಎರಡು ಬಗೆಯ ಸತ್ಯ ಅವರಿಗೆ ರೂಢಿ. ಹೆಸರು ಹಿಡಿದು ಕೇಳಿದರೆ ಗುಂಪುಗಳ ಕಡತ ಉತ್ತರಿಸುತ್ತದೆ, ಬರಿದೆ ಕೇಳಿದರೆ ನಡೆಯುತ್ತಿರುವ ಪ್ರೋಸೆಸ್. ಗುಂಪುಗಳ ಪಟ್ಟಿ ಪ್ರೋಸೆಸ್‌ಗೆ ಅಂಟುವುದು ಲಾಗಿನ್ ಗಳಿಗೆಯಲ್ಲಿ. ಮಕ್ಕಳು ಮೊಮ್ಮಕ್ಕಳಾಗಿ ಹುಟ್ಟುವ ಪ್ರೋಸೆಸ್‌ಗಳಿಗೆ ಅದೇ ಪಿತ್ರಾರ್ಜಿತ. ಆಮೇಲೆ ಕಡತ ತಿದ್ದಿದರೆ ವಂಶಕ್ಕೆ ಸುದ್ದಿಯೇ ಮುಟ್ಟದು.

ಇನ್ನು ಪಕ್ಷಗಳು.

ಹಾಸನ ಮತ: ರೀಬೂಟ್ ಮಾಡಿ. ಫಲ ಖಚಿತ. ಆದರೆ 36,000 ಕಿ.ಮೀ. ಎತ್ತರದ ಉಪಗ್ರಹಗಳನ್ನು ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಿಂದ ಹಗಲಿರುಳು ಕಾಯುವ ಊರು, ಒಂದು ಗುಂಪಿಗಾಗಿ ಇಡೀ ಯಂತ್ರ ಆರಿಸು ಎನ್ನುವುದು ಶೋಭೆಯಲ್ಲ.

ಹೊಳೆನರಸೀಪುರ ಮತ: ‘ನ್ಯೂಜಿಆರ್‌ಪಿ ಡಯಲ್‌ಔಟ್’ ಎನ್ನಿ, ಹಕ್ಕು ಕೈಯಲ್ಲೇ. ದೋಷ ಎರಡು. ಹಕ್ಕು ಆ ಟರ್ಮಿನಲ್ ದಾಟದು. ಅಲ್ಲಿ ಹುಟ್ಟುವ ಹೊಸ ಕಡತಗಳೆಲ್ಲ ಡಯಲ್‌ಔಟ್ ಗುಂಪಿನ ಪಾಲು. 1962ರಲ್ಲಿ ಎಚ್.ಡಿ. ದೇವೇಗೌಡರನ್ನು ಪಕ್ಷೇತರರಾಗಿ, ಅಂದರೆ ಗುಂಪಿಲ್ಲದೆಯೇ, ಗೆಲ್ಲಿಸಿದ ಕ್ಷೇತ್ರದಿಂದ ಇಂಥ ಗುಂಪುವಾದ ಹೊರಟದ್ದು ಪಂಡಿತರಿಗೆ ಒಗಟಾಗಿದೆ.

ಅರಕಲಗೂಡು ಮತ: ‘ಎಸ್‌ಯು -’ ಹಚ್ಚಿ ತನ್ನದೇ ಹೆಸರು ಕೊಡು, ಪಾಸ್‌ವರ್ಡ್ ಒಪ್ಪಿಸಿ ತನ್ನೊಳಗೆ ತಾನೇ ಮತ್ತೆ ಪ್ರವೇಶಿಸು. ರೈಲು ಹತ್ತಲು ಹಾಸನಕ್ಕೋ ಹೊಳೆನರಸೀಪುರಕ್ಕೋ ಹೋಗಬೇಕಾದ ಊರಿಗೆ ಸುತ್ತುದಾರಿ ಹೊಸತಲ್ಲ. ಆದರೆ ಮೆನುವಿನಿಂದ ತೆರೆದ ಆರ್ಡುಯಿನೊಗೆ ಈ ಪುಣ್ಯ ತಲುಪದು.

ಚನ್ನರಾಯಪಟ್ಟಣ ಮತ: ಪೂರ್ತಿ ಲಾಗೌಟ್. ಶ್ರವಣಬೆಳಗೊಳ ಇದೇ ತಾಲ್ಲೂಕಿನದು. ಎಲ್ಲ ಬಿಟ್ಟವನಿಗೇ ಸಿದ್ಧಿ. ಆದರೆ ಎಲ್ಲ ಎಂದರೆ ಎಲ್ಲ. ಎಲ್ಲೋ ಒಂದು ಸೆಷನ್ ಬಾಕಿ ಉಳಿದರೂ ಸಿಸ್ಟಮ್‌ಡಿಯ ಯೂಸರ್ ಮ್ಯಾನೇಜರ್ ಹಳೇ ಪಟ್ಟಿ ಹಿಡಿದು ಕೂತೇ ಇರುತ್ತದೆ. ಆಗ ಹಾಸನ ಮತಕ್ಕೆ ಶರಣಾಗುವುದೇ ಗತಿ.

ಪ್ರಾಸಂಗಿಕವಾಗಿ: ಒಬ್ಬನಿಗೆ ಎಷ್ಟು ಗುಂಪು ಸಲ್ಲುತ್ತವೆ? 2004ರ 2.6.4 ಕರ್ನಲ್‌ಗೆ ಮುಂಚೆ 32, ಅಲ್ಲಿಂದೀಚೆಗೆ 65,536. ಜಿಲ್ಲಾ ರಾಜಕಾರಣಕ್ಕೂ ಇಷ್ಟು ಬೇಕಾಗಿಲ್ಲ.

ನಿರ್ಣಯ: ಚನ್ನರಾಯಪಟ್ಟಣ ಮತವೇ ಸಾಧು. ಲಾಗೌಟ್, ಲಾಗಿನ್, ಬಳಿಕ ಬರೀ ‘ಐಡಿ’. ಯೂಸರ್‌ಮಾಡ್ ಕೊಡುವಾಗ ದೊಡ್ಡಕ್ಷರದ ‘ಜಿ’ ಹಿಂದೆ ಚಿಕ್ಕ ‘ಎ’ ಇರಲೇಬೇಕು. ಅದನ್ನು ಮರೆತರೆ ಸುಡೊ ಸಮೇತ ಹಳೇ ಗುಂಪುಗಳೆಲ್ಲ ಕೈಬಿಡುತ್ತವೆ. ಈ ಪಾಪಕ್ಕೆ ನಾಲ್ಕೂ ಮತಗಳಲ್ಲಿ ಪ್ರಾಯಶ್ಚಿತ್ತವಿಲ್ಲ. ರಿಕವರಿ ಮೋಡ್‌ಗೆ ಹೋಗಬೇಕು.