ಸುಳ್ಳಾಡದ ರಾಯರ ಫ್ಲ್ಯಾಟು

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇವರು ಸಿಗುತ್ತಾರೆ. ರಾಯರು ಎನ್ನೋಣ. ನಿವೃತ್ತರು, ಹಣೆಯಲ್ಲಿ ಗಂಧ, ಕೈಯಲ್ಲಿ ಫೈಲು. ಫ್ಲ್ಯಾಟು ನೋಡಲು ಬಂದವರಿಗೆ ಬಾಗಿಲಲ್ಲೇ ಹೇಳಿಬಿಡುತ್ತಾರೆ: “ನೋಡಿ ಸಾರ್, ಸುಳ್ಳು ಹೇಳೋ ಜಾಯಮಾನ ನಂದಲ್ಲ.”

ನಿಜ, ಹೇಳುವುದಿಲ್ಲ. ಮಳೆಗಾಲದಲ್ಲಿ ರೂಮಿನ ಗೋಡೆ ಒಸರುತ್ತದೆಂದು ಹೇಳದಿದ್ದರೆ ಅದು ಸುಳ್ಳು ಹೇಗಾದೀತು? ಆ ಕಲೆಯ ಮುಂದೆ ಗಾಡ್ರೆಜ್ ಬೀರು ನಿಂತಿದೆ. ಬೀರುವಿಗೂ ಮೇಲೆ ಹಬ್ಬಿದ್ದಕ್ಕೆ ತಿರುಪತಿ ತಿಮ್ಮಪ್ಪನ ಕ್ಯಾಲೆಂಡರು. ದೇವರ ಪಟ ಎತ್ತಿ ನೋಡುವ ಧೈರ್ಯ ಯಾರಿಗಿದೆ? ಮನೆ ತೋರಿಸುವುದು ಕಾವೇರಿ ನೀರು ಬರುವ ದಿನವೇ. ಟ್ಯಾಂಕರ್ ಬರುವ ದಿನ ರಾಯರಿಗೆ ಎಲ್ಲೋ ಒಂದು ಗೃಹಪ್ರವೇಶ.

“ಸಾವಿರದಿನ್ನೂರು ಚದರಡಿ,” ಎನ್ನುತ್ತಾರೆ. ಮೆಟ್ಟಿಲು, ಲಿಫ್ಟು, ವಾಚ್‌ಮನ್ ಕುರ್ಚಿ ಹಾಕುವ ಜಾಗ, ಎಲ್ಲದರ ಪಾಲೂ ಸೇರಿ. 2016ರ ರೇರಾ ಕಾಯ್ದೆ ಕಾರ್ಪೆಟ್ ಏರಿಯಾ ಲೆಕ್ಕ ಕೇಳುತ್ತದಲ್ಲ ಎಂದರೆ, “ಅದು ಬಿಲ್ಡರುಗಳಿಗೆ ಸಾರ್, ನಮ್ಮಂಥ ಸಂಸಾರಸ್ಥರಿಗಲ್ಲ.” ಅದೂ ಸತ್ಯವೇ. ರಾಯರ ಸತ್ಯ ಸೂಪರ್ ಬಿಲ್ಟಪ್; ಕಾಲಿಡಲು ಸಿಗುವ ಜಾಗ ಬೇರೆ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿಗೆ ಮಾತ್ರ ಬೀರುವಿನ ಹಿಂದೆಯೂ ಕಣ್ಣಿದೆ. ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ, ತನಗೆ ಗೊತ್ತಿರುವ ದೊಡ್ಡ ದೋಷವನ್ನು ಮಾರುವವನೇ ಬಾಯಿಬಿಟ್ಟು ಹೇಳಬೇಕು ಎನ್ನುತ್ತದೆ ಅದು. ರಾಯರದು ‘ಕೇಳಿದ್ರೆ ಹೇಳ್ತಿದ್ದೆನಲ್ಲ’ ಪಂಥ.

ದುಡ್ಡಿನ ಮಾತು ಬಂದಾಗ ದನಿ ತಗ್ಗುತ್ತದೆ. ಗೈಡೆನ್ಸ್ ವ್ಯಾಲ್ಯೂಗೆ ರಿಜಿಸ್ಟ್ರೇಶನ್, ಮಿಕ್ಕಿದ್ದು ‘ಕೈಗೆ’. ಸ್ಥಿರಾಸ್ತಿ ಮಾರಾಟಕ್ಕೆ 20,000 ರೂಪಾಯಿ ಅಥವಾ ಹೆಚ್ಚು ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು ಎಂದು ನೆನಪಿಸಿ ನೋಡಿ. “ನಾನೇನು ಲಂಚ ತಗೋತಿದೀನಾ? ನನ್ನ ಮನೆ, ನನ್ನ ದುಡ್ಡು!” (ನಗದು ಎಣಿಸುವ ಮೊದಲು ಕೈ ತೊಳೆದುಕೊಂಡು ಬರುತ್ತಾರೆ. ಮಡಿ ಜಾಸ್ತಿ.)

ಇದೇ ರಾಯರು ಮಗನಿಗೆ ಮನೆ ಕೊಳ್ಳಲು ಹೊರಟಾಗ ನೋಡಬೇಕು. ಬ್ಯಾಟರಿ ಹಿಡಿದು ಸಜ್ಜಾ ಇಣುಕುತ್ತಾರೆ, ಗೋಡೆ ತಟ್ಟುತ್ತಾರೆ, ಮೂವತ್ತು ವರ್ಷದ ಇಸಿ ಕೇಳುತ್ತಾರೆ, ಎದುರುಮನೆಯವರ ಹತ್ತಿರ ನೀರಿನ ಜಾತಕ ವಿಚಾರಿಸುತ್ತಾರೆ. ಪೂರ್ತಿ ಚೆಕ್ಕಿನಲ್ಲೇ ವ್ಯವಹಾರ, ಲೋನ್ ಆಗಬೇಕಲ್ಲ.

ಈಚೆಗೆ ಅವರಿಗೊಬ್ಬ ಮಾರಾಟಗಾರ ಸಿಕ್ಕಿದ. ಬಚ್ಚಲು ಸೋರುವುದು, ಬೋರ್‌ವೆಲ್ ಬತ್ತಿದ್ದು, ಓಸಿ ಇಲ್ಲದ್ದು, ಸಂಘದ ಬಾಕಿ, ಎಲ್ಲವನ್ನೂ ಬರೆದೇ ಕೊಟ್ಟ. ರಾಯರು ಚೀಟಿ ಮಡಚಿಕೊಂಡು ಸೀದಾ ಮನೆಗೆ ಬಂದರು.

“ಬೇಡ ಕಣೇ,” ಎಂದರು ಹೆಂಡತಿಗೆ. “ಇಷ್ಟನ್ನೆಲ್ಲ ಹೇಳ್ತಾನೆ ಅಂದ್ರೆ ಇನ್ನೆಷ್ಟು ಮುಚ್ಚಿಟ್ಟಿರಬೇಡ!”