ಏಟಿನ ದರಪಟ್ಟಿ ಪ್ರಕಟಿಸುವಂತೆ ಕೋರಿ

ಇವರಿಗೆ: ಹಾಕಿ ಲೋಕದ ಸಮಸ್ತ ಶಿಸ್ತು ಸಮಿತಿಗಳ ಘನ ಸದಸ್ಯರು (ಟರ್ಫಿನವರು, ಮಂಜುಗಡ್ಡೆಯವರು ಎಲ್ಲರೂ)

ಇಂದ: ಹಿಮಾಯತ್‌ನಗರದ ಒಬ್ಬ ಕನ್ನಡಿಗ ಪ್ರೇಕ್ಷಕ, ಹೈದರಾಬಾದು

ವಿಷಯ: ಕೋಲಿನೇಟು ಹಾಗೂ ಮರುಏಟಿಗೆ ಖಚಿತ ದರ ನಿಗದಿ ಮಾಡುವ ಬಗ್ಗೆ

ಮಾನ್ಯರೇ,

ಲಿಬರ್ಟಿಯಿಂದ ನಾರಾಯಣಗುಡದ ಕಡೆ ಹೋಗುವ ನಮ್ಮ ರಸ್ತೆಯಲ್ಲಿ ಇಡ್ಲಿಗೆ ದರಪಟ್ಟಿ ಇದೆ, ಇಸ್ತ್ರಿಗೆ ಇದೆ, ಸತ್ಯನಾರಾಯಣ ಪೂಜೆಗೂ ಇದೆ. ಹಾಕಿ ಕೋಲಿನಿಂದ ಎದುರಾಳಿಯ ತಲೆಗೆ ಬಾರಿಸಿದರೆ ಎಷ್ಟು ತೆರಬೇಕಾಗುತ್ತದೆ ಎಂಬುದೊಂದೇ ಯಾರಿಗೂ ಗೊತ್ತಿಲ್ಲ. ಈ ಕೊರತೆಯನ್ನು ತಮ್ಮ ಗಮನಕ್ಕೆ ತರಲು ಈ ಪತ್ರ.

ಮೈದಾನದೊಳಗೆ ನಿಮ್ಮ ಲೆಕ್ಕ ಚೊಕ್ಕವಾಗಿದೆ, ಒಪ್ಪುತ್ತೇನೆ. ಹಸಿರು ಕಾರ್ಡಿಗೆ 2 ನಿಮಿಷ, ಹಳದಿಗೆ ಕನಿಷ್ಠ 5, ಕೆಂಪಿಗೆ ಆ ದಿನದ ಆಟ ಮುಗಿಯಿತು. ಬಣ್ಣ ತಿಳಿಯದವನಿಗೂ ತಿಳಿಯಲಿ ಎಂದು ತ್ರಿಕೋನ, ಚೌಕ, ವೃತ್ತ ಅಂತ ಆಕಾರ ಬೇರೆ ಕೊಟ್ಟಿದ್ದೀರಿ. ಕೋಲಿನ ತೂಕ 737 ಗ್ರಾಂ ಮೀರಬಾರದು ಎಂದು ಅಕ್ಕಸಾಲಿಗನ ಹಾಗೆ ತೂಗಿ ಬರೆದಿದ್ದೀರಿ. ಆದರೆ ಆ ಕೋಲು ಒಬ್ಬನ ಹಣೆಗೆ ಬಿದ್ದು, ಕಡತ ನಿಮ್ಮ ಕೋಣೆಗೆ ಬಂದು, ಬಾಗಿಲು ಮುಚ್ಚಿತೆಂದರೆ ಮುಗಿಯಿತು. ಒಳಗೆ ಯಾವ ತಕ್ಕಡಿ ಇದೆಯೋ ದೇವರೇ ಬಲ್ಲ.

ಪ್ಯಾರಿಸ್ ಒಲಿಂಪಿಕ್ಸ್ ನೋಡಿ. 2024ರ ಆಗಸ್ಟ್ 4ರಂದು ಬ್ರಿಟನ್ ವಿರುದ್ಧದ ಕ್ವಾರ್ಟರ್‌ಫೈನಲ್‌ನಲ್ಲಿ, 17ನೇ ನಿಮಿಷಕ್ಕೆ, ನಮ್ಮ ಅಮಿತ್ ರೋಹಿದಾಸ್ ಅವರ ಕೋಲು ವಿಲ್ ಕ್ಯಾಲ್ನನ್ ತಲೆಗೆ ತಗುಲಿತು. ಕೆಂಪು ಕಾರ್ಡು ಬಂತು. ಹತ್ತೇ ಮಂದಿ ಉಳಿದು 1-1ರ ಸಮಬಲದವರೆಗೆ ಕಾದಾಡಿದರು, ಶೂಟೌಟ್‌ನಲ್ಲಿ 4-2ರಿಂದ ಗೆದ್ದರು. ಮೇಲೆ ಇನ್ನೊಂದು ಪಂದ್ಯದ ನಿಷೇಧ. ಹಾಕಿ ಇಂಡಿಯಾ ಹಾಕಿದ ಮೇಲ್ಮನವಿ ಬಿದ್ದುಹೋಯಿತು. ರೋಹಿದಾಸ್ ಇಲ್ಲದ ಸೆಮಿಫೈನಲ್‌ನಲ್ಲಿ ಜರ್ಮನಿ 3-2ರಿಂದ ಗೆದ್ದಿತು. ಇಡೀ ದೇಶ ಅನ್ಯಾಯ ಎಂದಿತು. ನಾನೂ ಟಿವಿಯ ಮುಂದೆ ಎದ್ದು ನಿಂತು ಕೂಗಿದೆ.

ಅದೇ ದೇಶ 2014ರಲ್ಲಿ ಬೇರೆ ರಾಗ ಹಾಡಿತ್ತು. ಭುವನೇಶ್ವರದ ಚಾಂಪಿಯನ್ಸ್ ಟ್ರೋಫಿಯಲ್ಲಿ ನಮ್ಮನ್ನು ಸೋಲಿಸಿದ ಪಾಕಿಸ್ತಾನದ ಆಟಗಾರರು ಪ್ರೇಕ್ಷಕರತ್ತ ಅಸಭ್ಯ ಸನ್ನೆ ಮಾಡಿದ್ದರು. ಶಿಕ್ಷೆ ಆಗಲೇಬೇಕೆಂದು ಪಟ್ಟು ಹಿಡಿದವರು ನಾವು. ಇಬ್ಬರಿಗೆ ಫೈನಲ್ ತಪ್ಪಿತು, ಅಂದರೆ ಒಂದು ಪಂದ್ಯ. ಬೆರಳಿಗೂ ಒಂದು ಪಂದ್ಯ, ತಲೆಗೆ ಬಿದ್ದ ಕೋಲಿಗೂ ಒಂದು ಪಂದ್ಯ! ಸಗಟು ವ್ಯಾಪಾರದಲ್ಲೂ ಇಷ್ಟು ಸಮಾನತೆ ಕಾಣಸಿಗದು.

ಇನ್ನು ದೇಶೀ ಸರಕು. 2019ರ ನವೆಂಬರ್‌ನಲ್ಲಿ ದೆಹಲಿಯ ನೆಹರೂ ಕಪ್ ಫೈನಲ್ ನಡೆಯಿತು. ಒಂದು ಕಡೆ ಪಂಜಾಬ್ ಪೊಲೀಸ್, ಇನ್ನೊಂದು ಕಡೆ ಪಂಜಾಬ್ ನ್ಯಾಷನಲ್ ಬ್ಯಾಂಕ್. 3-3ರಲ್ಲಿ ಸಮ ನಿಂತಾಗ ಕೋಲುಗಳು ಚೆಂಡನ್ನು ಬಿಟ್ಟು ಮನುಷ್ಯರನ್ನು ಹುಡುಕಿದವು. ಪೊಲೀಸರು ಲಾಠಿ ಅಭ್ಯಾಸ ಮರೆಯಲಿಲ್ಲ, ಬ್ಯಾಂಕಿನವರು ಬಡ್ಡಿ ಸೇರಿಸಿ ಹಿಂದಿರುಗಿಸುವುದನ್ನು ಮರೆಯಲಿಲ್ಲ. ಹೊಡೆದಾಟ ನಿಂತ ಮೇಲೆ ಬ್ಯಾಂಕ್ 6-3ರಿಂದ ಗೆದ್ದು ಕಪ್ ಒಯ್ದಿತು. ಹಾಕಿ ಇಂಡಿಯಾ 11 ಆಟಗಾರರಿಗೆ 6ರಿಂದ 18 ತಿಂಗಳ ನಿಷೇಧ ಹಾಕಿತು. ಕಠಿಣ ಶಿಕ್ಷೆ ಎಂದು ನಾವೆಲ್ಲ ತಲೆದೂಗಿದೆವು. ಆದರೆ ಅದು 2019ರ ಡಿಸೆಂಬರ್. ಮೂರೇ ತಿಂಗಳಿಗೆ ಕೊರೊನಾ ಬಂದು ದೇಶದ ಮೈದಾನಗಳಿಗೆಲ್ಲ ಬೀಗ ಬಿತ್ತು. ತಪ್ಪು ಮಾಡಿದವನೂ ಮನೆಯಲ್ಲಿ, ಮಾಡದವನೂ ಮನೆಯಲ್ಲಿ.

ಆಟವೇ ಇಲ್ಲದ ಕಾಲದ ಇಂಥ ನಿಷೇಧವನ್ನು ಮಂಜುಗಡ್ಡೆಯ ಹಾಕಿಯವರು ಮೊದಲೇ ಕಂಡಿದ್ದರು. 2004ರ ಫೆಬ್ರವರಿಯಲ್ಲಿ ಕೊಲೊರಾಡೊ ತಂಡದ ಸ್ಟೀವ್ ಮೂರ್ ವ್ಯಾಂಕೂವರ್ ನಾಯಕನಿಗೆ ಡಿಕ್ಕಿ ಹೊಡೆದ. ರೆಫರಿ ಶಿಕ್ಷಿಸಲಿಲ್ಲ, ಅವರಾಡುವ ಲೀಗೂ ಶಿಕ್ಷಿಸಲಿಲ್ಲ. ಮಾರ್ಚ್ 8ರಂದು ವ್ಯಾಂಕೂವರ್‌ನ ಟಾಡ್ ಬರ್ಟುಝಿ ಆ ಬಾಕಿ ತಾನೇ ವಸೂಲು ಮಾಡಿದ: ಹಿಂದಿನಿಂದ ಗುದ್ದಿ ಮಂಜಿನ ಮೇಲೆ ಕೆಡವಿದ. ಮೂರ್‌ನ ಕತ್ತಿನ ಮೂಳೆಗಳು ಮುರಿದವು. ಬರ್ಟುಝಿಯ ನಿಷೇಧ ಸುಮಾರು 17 ತಿಂಗಳು ನಡೆಯಿತು. ಅದರಲ್ಲಿ ಒಂದು ಇಡೀ ಋತು ತಂಡಗಳ ಮಾಲೀಕರು ಬೀಗ ಜಡಿದಿದ್ದರಿಂದ ಆ ಲೀಗಿನಲ್ಲಿ ಯಾರೂ ಆಡಲೇ ಇಲ್ಲ. ಆತ ನಿಜಕ್ಕೂ ಕಳೆದುಕೊಂಡದ್ದು 20 ಪಂದ್ಯ. ಮೂರ್ ಆ ಲೀಗಿನಲ್ಲಿ ಮತ್ತೆಂದೂ ಆಡಲಿಲ್ಲ.

ಅದಕ್ಕೂ ನಾಲ್ಕು ವರ್ಷ ಮೊದಲು, 2000ರ ಫೆಬ್ರವರಿ 21ರಂದು, ಬಾಸ್ಟನ್‌ನ ಮಾರ್ಟಿ ಮೆಕ್‌ಸೋರ್ಲಿ ಪಂದ್ಯ ಇನ್ನೇನು ಮುಗಿಯುತ್ತದೆ ಎನ್ನುವಾಗ ಎದುರಾಳಿ ಡೊನಾಲ್ಡ್ ಬ್ರಷಿಯರ್ ತಲೆಗೆ ಕೋಲು ಬೀಸಿದ್ದ. ಅದೇ ಪಂದ್ಯದಲ್ಲಿ ಇಬ್ಬರೂ ಮುಷ್ಟಿಯುದ್ಧ ಮಾಡಿಯಾಗಿತ್ತು. ಭುಜಕ್ಕೆ ಗುರಿಯಿಟ್ಟಿದ್ದೆ ಎಂದು ಆತ ವಾದಿಸಿದ. ಕೆನಡಾದ ನ್ಯಾಯಾಲಯ ಆಯುಧದಿಂದ ಹಲ್ಲೆ ಎಂದಿತು, 18 ತಿಂಗಳು ಸನ್ನಡತೆಯಿಂದ ಇರಬೇಕೆಂಬ ಷರತ್ತು ಹಾಕಿ ಬಿಟ್ಟಿತು.

ಇಲ್ಲೇ ನನ್ನ ತಕರಾರು. ಮರುಏಟನ್ನು ಬಿತ್ತುವವರು ಬಹುಮಟ್ಟಿಗೆ ತಾವೇ. ಮೊದಲ ಏಟನ್ನು ಕಾಣದ ಹಾಗೆ ಕೂತಿರುತ್ತೀರಿ. ಎರಡನೆಯದು ಬಿದ್ದಾಗ ಕ್ಯಾಮೆರಾ ತಿರುಗಿರುತ್ತದೆ, ಆಗ ತಮಗೆ ಧರ್ಮಪ್ರಜ್ಞೆ ಬರುತ್ತದೆ. ಕೆಣಕಿದವನು ಬೆಂಚಿನ ಮೇಲೆ ನೀರು ಕುಡಿಯುತ್ತಾನೆ, ಕೆರಳಿದವನು ವಿಚಾರಣೆಗೆ ಬರುತ್ತಾನೆ. ಹಾಗೆಂದು ಕೆರಳಿದವನನ್ನು ಬಿಡಿ ಎನ್ನುತ್ತಿಲ್ಲ. ಸೇಡಿಗೆ ರಿಯಾಯಿತಿ ಕೊಟ್ಟರೆ ಎಲ್ಲರ ಬಳಿಯೂ ಒಂದೊಂದು ಹಳೆಯ ಲೆಕ್ಕ ಇದ್ದೇ ಇರುತ್ತದೆ. ಇಬ್ಬರನ್ನೂ ಒಂದೇ ಕಡತದಲ್ಲಿ ಕರೆಯಿರಿ ಎನ್ನುತ್ತಿದ್ದೇನೆ.

ಕರೆದ ಮೇಲೆ ಮಾತಾಡಲು ಬಿಡಿ. ಈ ಪಾಠಕ್ಕೆ ನಮ್ಮ ಮನೆಯಿಂದ ದೂರವೇನೂ ಇಲ್ಲದ ತೆಲಂಗಾಣ ವಿಧಾನಸಭೆ ಸಾಕು. 2018ರ ಮಾರ್ಚ್‌ನಲ್ಲಿ ಹೆಡ್‌ಫೋನ್ ಎಸೆದ ಆರೋಪದ ಗದ್ದಲದಲ್ಲಿ ಮರುದಿನವೇ ಇಬ್ಬರು ಶಾಸಕರನ್ನು ಉಚ್ಚಾಟಿಸಲಾಯಿತು. ಅವರ ಮಾತು ಕೇಳದೆ ಮಾಡಿದ್ದು ಸಲ್ಲದೆಂದು ಹೈಕೋರ್ಟು ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿತು. ಅವಸರದ ಶಿಕ್ಷೆ ಆರೋಪಿಯನ್ನೇ ಸಂತ್ರಸ್ತನನ್ನಾಗಿ ಮಾಡುತ್ತದೆ, ಅವನ ಕೈಯಲ್ಲಿ ಹೆಡ್‌ಫೋನ್ ಇರಲಿ, ಹಾಕಿ ಕೋಲಿರಲಿ.

ಆದ್ದರಿಂದ ನನ್ನ ಬೇಡಿಕೆಗಳು:

ಒಂದು, ಶಿಕ್ಷೆಯನ್ನು ತಿಂಗಳಲ್ಲಿ ಅಳೆಯಬೇಡಿ, ಪಂದ್ಯಗಳಲ್ಲಿ ಅಳೆಯಿರಿ. ಆಟವೇ ಇಲ್ಲದ ಕಾಲದ ನಿಷೇಧ ನಿರ್ಜಲ ಏಕಾದಶಿಯಂದು ಹೋಟೆಲು ಮುಚ್ಚಿಸಿದಷ್ಟೇ ಘನಕಾರ್ಯ.

ಎರಡು, ಮೊದಲು ಕೋಲು ಬೀಸಿದ ರೀತಿ ನೋಡಿ, ಆಮೇಲೆ ಗಾಯ ನೋಡಿ. ಚೆಂಡು ಎಲ್ಲೋ, ಕೋಲು ಭುಜದ ಮೇಲೆ ಎಲ್ಲೋ ಇದ್ದರೆ, ಎದುರಾಳಿ ತಲೆ ತಗ್ಗಿಸಿ ಬಚಾವಾದದ್ದು ಅವನ ಚಾಲಾಕಿ, ಬೀಸಿದವನ ಪುಣ್ಯವಲ್ಲ.

ಮೂರು, ಹೊಡೆದವನ ಸಂಬಳದಲ್ಲಿ ಕತ್ತರಿಸಿದ ಹಣ ಆಸ್ಪತ್ರೆಯಲ್ಲಿ ಮಲಗಿದವನಿಗೆ ಹೋಗಲಿ, ಸಮಿತಿಯ ಚಹಾ ಖರ್ಚಿಗಲ್ಲ.

ಇದೆಲ್ಲ ಕಷ್ಟ ಎನಿಸಿದರೆ ಒಮ್ಮೆ ಕೊಡಗಿಗೆ ಹೋಗಿ ಬನ್ನಿ. ಪಾಂಡಂಡ ಕುಟ್ಟಪ್ಪ 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರು ಮಾಡಿದ ಕೌಟುಂಬಿಕ ಹಾಕಿ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳಿಗೆ ಬೆಳೆಯಿತು. ಅಲ್ಲಿ ಎದುರಾಳಿ ಅಂದರೆ ಅತ್ತೆಯ ಮಗನೋ ಭಾವಮೈದುನನೋ ಆಗಿರುತ್ತಾನೆ. ಇಂದು ಯಾರ ಮೊಣಕಾಲಿಗೆ ಹೊಡೆದಿರೋ, ಮುಂದಿನ ಮದುವೆಯಲ್ಲಿ ಅವರ ಪಕ್ಕದ ಎಲೆಗೇ ಕೂರಬೇಕಾದೀತು. ಇಂಥ ಶಿಕ್ಷೆಯನ್ನು ಸ್ವಿಟ್ಜರ್‌ಲೆಂಡಿನಲ್ಲಿರುವ ಅಂತರರಾಷ್ಟ್ರೀಯ ಹಾಕಿ ಒಕ್ಕೂಟದ ಕಚೇರಿಯೂ ಕೊಡಲಾರದು.

ಗಚ್ಚಿಬೌಲಿಯಲ್ಲಿ ಹೈದರಾಬಾದ್ ಸುಲ್ತಾನ್ಸ್ 2005ರ ಪ್ರೀಮಿಯರ್ ಹಾಕಿ ಲೀಗ್ ಗೆದ್ದಾಗ ಕುಣಿದ ಊರು ನಮ್ಮದು. 2025ರ ಹಾಕಿ ಇಂಡಿಯಾ ಲೀಗ್ ಫೈನಲ್‌ನಲ್ಲಿ ಹೈದರಾಬಾದ್ ತೂಫಾನ್ಸ್ 4-3ರಿಂದ ಸೋತಾಗ ಅತ್ತ ಊರೂ ನಮ್ಮದೇ. ಈಗ ಹಾಕಿ ದುಡ್ಡಿನ ಆಟ; ಕೋಲು ಬೀಸುವವನಿಗೂ ಮಾರುಕಟ್ಟೆ ಇದೆ. ತಾವು ನಿಯಮವನ್ನು ಖಚಿತವಾಗಿ ಬರೆಯುವವರೆಗೂ ನಮ್ಮ ಹುಡುಗ ಹೊಡೆದರೆ ಆಕಸ್ಮಿಕ, ಅವರ ಹುಡುಗ ಹೊಡೆದರೆ ಕೊಲೆಯತ್ನ ಎಂದು ನಾವು ಗ್ಯಾಲರಿಯಿಂದಲೇ ತೀರ್ಪು ಕೊಡುತ್ತಿರುತ್ತೇವೆ. ನಮ್ಮ ತೀರ್ಪಿಗೆ ಮೇಲ್ಮನವಿಯೂ ಇಲ್ಲ.

ಇತಿ ತಮ್ಮ ವಿಶ್ವಾಸಿ,
ಪಕ್ಷಪಾತವಿಲ್ಲವೆಂದು ಪ್ರತಿ ಪಂದ್ಯಕ್ಕೂ ಮುಂಚೆ ಪ್ರಮಾಣ ಮಾಡುವ
ಒಬ್ಬ ಪ್ರೇಕ್ಷಕ